ಲ.ಸಾ.ಅ. ಮತ್ತು ರೂಪಕ ತಾಳ: ಕಲೆಯನ್ನು ಪಾಠದೊಳಗೆ ತರುವುದು ಎಂದರೇನು?

ಶಾಲೆಯಲ್ಲಿ ಕಲೆ ಎಂದೊಡನೆ ಕಾಸರಗೋಡಿನ ಅಧ್ಯಾಪಕರಿಗೂ ಹೆತ್ತವರಿಗೂ ಮೊದಲು ನೆನಪಾಗುವುದು ಕಲೋತ್ಸವ. 1957ರಲ್ಲಿ ಆರಂಭವಾದ ಕೇರಳ ಶಾಲಾ ಕಲೋತ್ಸವದಲ್ಲಿ ಇಂದು ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ ಅರುವತ್ತನೆಯ ರಾಜ್ಯ ಕಲೋತ್ಸವ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ ನಡೆಯಿತು. ಮಕ್ಕಳಿಗೆ ರಂಗಸ್ಥಳದ ಧೈರ್ಯ ಕೊಟ್ಟ ಈ ಉತ್ಸವದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಆರಿಸಿದ ಕೆಲವರಿಗೆ ಸಿಗುವ ಅವಕಾಶ. ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳ ಸ್ಪರ್ಧೆ ಜಿಲ್ಲಾ ಮಟ್ಟಕ್ಕೇ ಮುಗಿಯುತ್ತದೆ. ತರಬೇತಿ ಶಾಲೆ ಬಿಟ್ಟ ಮೇಲೆ ನಡೆಯುತ್ತದೆ. ಗಣಿತ, ವಿಜ್ಞಾನ, ಸಮಾಜ ಪಾಠಗಳು ಅದರ ಗಾಳಿ ಸೋಕದಂತೆ ತಮ್ಮ ಪಾಡಿಗೆ ಸಾಗುತ್ತವೆ. ನಲುವತ್ತು ಮಕ್ಕಳಿರುವ ತರಗತಿಯಲ್ಲಿ ಎಂಟು ಮಂದಿ ವೇಷ ಕಟ್ಟಿದರೆ ಉಳಿದ ಮೂವತ್ತೆರಡು ಮಂದಿ ಪ್ರೇಕ್ಷಕರಾಗಿಯೇ ಉಳಿಯುತ್ತಾರೆ. ಪಠ್ಯಕ್ರಮದಲ್ಲಿ ಕಲೆಯನ್ನು ಸಂಯೋಜಿಸಬೇಕು ಎನ್ನುವ ಮಾತು ಆ ಮೂವತ್ತೆರಡು ಮಂದಿಯನ್ನೂ ಸೇರಿಸಿ ಆಡಿದ ಮಾತು.

ಇಲ್ಲಿ ಎರಡು ಸಂಗತಿಗಳು ಆಗಾಗ ಒಂದರೊಳಗೊಂದು ಕಲಸಿಹೋಗುತ್ತವೆ. ಚಿತ್ರ, ಸಂಗೀತ, ನೃತ್ಯ, ನಾಟಕಗಳನ್ನು ಅವುಗಳದೇ ಸಲುವಾಗಿ ಕಲಿಸುವುದು ಕಲಾ ಶಿಕ್ಷಣ. ಒಂದು ಕಲೆಯ ಮೂಲಕ ಇನ್ನೊಂದು ವಿಷಯವನ್ನು ಕಲಿಯುತ್ತ, ಆ ಕಲೆಯನ್ನೂ ಜೊತೆಜೊತೆಗೆ ಕಲಿಯುವುದು ಕಲಾ ಸಂಯೋಜಿತ ಕಲಿಕೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣ ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಇರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಾ ಸಂಯೋಜನೆಯನ್ನು ಎಲ್ಲ ವಿಷಯಗಳಿಗೂ ಹರಡುವ ಬೋಧನಾ ವಿಧಾನವೆಂದು ಹೆಸರಿಸಿತು. ಎರಡನೆಯದು ಬಂದರೆ ಮೊದಲನೆಯದು ಬೇಡವೆಂದಲ್ಲ. ಸಂಗೀತದ ಅವಧಿಯನ್ನು ಕಿತ್ತುಹಾಕಿ, ಗಣಿತದಲ್ಲೇ ತಾಳ ಬರುತ್ತದಲ್ಲ ಎಂದು ಹೇಳುವ ಶಾಲೆ ಎರಡನ್ನೂ ಕಳೆದುಕೊಳ್ಳುತ್ತದೆ. ಯೋಚನೆಯೇನೂ ಹೊಸದಲ್ಲ. ಕೈಕಸುಬನ್ನು ಕಲಿಕೆಯ ನಡುವಿಗೆ ತಂದ ಗಾಂಧೀಜಿಯವರ ನಯೀ ತಾಲೀಮು 1937ರಲ್ಲಿ ವಾರ್ಧಾದಲ್ಲಿ ರೂಪು ಪಡೆಯಿತು. ನಮ್ಮ ಗಡಿಯಾಚೆಗೆ ಕೂಗಳತೆಯಲ್ಲಿರುವ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳನ್ನು ಮಕ್ಕಳ ಕಲಿಕೆಯ ದಾರಿಯನ್ನಾಗಿ ಪ್ರಯೋಗಿಸಿ ನೋಡಿದರು.

ಹಾಗಾದರೆ ಯಾವುದು ನಿಜವಾದ ಸಂಯೋಜನೆ, ಯಾವುದು ಬರಿಯ ಅಲಂಕಾರ? ದ್ಯುತಿಸಂಶ್ಲೇಷಣೆಯ ಪಾಠ ಮುಗಿದ ಮೇಲೆ ಎಲೆಯೊಂದರ ಚಿತ್ರ ಬರೆದು ಹಸಿರು ಬಳಿಯಲು ಹೇಳುವುದು, ಗುಣಾಕಾರದ ಮಗ್ಗಿಯನ್ನು ಸಿನಿಮಾ ಹಾಡಿನ ಧಾಟಿಗೆ ಕೂರಿಸುವುದು ಇವೆಲ್ಲ ಮಕ್ಕಳನ್ನು ನಗಿಸಬಹುದು, ನೆನಪಿಗೂ ನೆರವಾಗಬಹುದು. ಆದರೆ ಅಲ್ಲಿ ಕಲೆ ಕೂಲಿಯಾಳಿನಂತೆ ಬಂದು ಹೋಗುತ್ತದೆ. ನಾನು ಬಳಸುವ ಒರೆಗಲ್ಲು ಸರಳವಾದುದು. ಆ ಚಟುವಟಿಕೆಯಿಂದ ಕಲೆಯನ್ನು ತೆಗೆದುಬಿಟ್ಟರೆ ಪಾಠ ಕೆಡುತ್ತದೆಯೇ? ಪಾಠವನ್ನು ತೆಗೆದುಬಿಟ್ಟರೆ ಕಲೆಯ ಕಲಿಕೆ ಬಡವಾಗುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಅದು ಸಂಯೋಜನೆ. ಎಲೆಗೆ ಬಣ್ಣ ಬಳಿಯುವ ಕೆಲಸ ಎರಡು ಪ್ರಶ್ನೆಗಳಲ್ಲೂ ಸೋಲುತ್ತದೆ.

ಗೆಲ್ಲುವ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ., ಹನ್ನೊಂದು ಹನ್ನೆರಡರ ಮಕ್ಕಳಿಗೆ ಒಂದು ಲೆಕ್ಕದ ಕ್ರಮವಾಗಿ ಮಾತ್ರ ಸಿಗುತ್ತದೆ. ಅಪವರ್ತನಗಳನ್ನು ಬರೆದು ಗುಣಿಸಿ ಉತ್ತರ ತರುತ್ತಾರೆ, ಅದು ಏನೆಂದು ಕೇಳಿದರೆ ತಡವರಿಸುತ್ತಾರೆ. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪು ನಾಲ್ಕಕ್ಷರದ (ತಾಳದಲ್ಲಿ ಅಕ್ಷರವೆಂದರೆ ಒಂದು ಎಣಿಕೆ) ಏಕತಾಳವನ್ನೂ ಇನ್ನೊಂದು ಗುಂಪು ಆರಕ್ಷರದ ರೂಪಕ ತಾಳವನ್ನೂ ಒಂದೇ ವೇಗದಲ್ಲಿ ಕೈತಟ್ಟಲಿ. ಪ್ರತಿ ಆವರ್ತನದ, ಅಂದರೆ ತಾಳದ ಒಂದು ಸುತ್ತಿನ, ಮೊದಲ ಅಕ್ಷರಕ್ಕೆ ಕಾಲಿನಿಂದ ನೆಲ ಮೆಟ್ಟಲಿ. ಎರಡು ಗುಂಪಿನ ಕಾಲುಗಳೂ ಮತ್ತೆ ಒಟ್ಟಿಗೆ ಬೀಳುವುದು ಯಾವಾಗ ಎಂದು ಮೊದಲೇ ಊಹಿಸಿ ಬರೆಯಲಿ. ಹನ್ನೆರಡು ಅಕ್ಷರ ಕಳೆದ ಮೇಲೆ, ಏಕತಾಳ ಮೂರು ಸುತ್ತು, ರೂಪಕ ಎರಡು ಸುತ್ತು ಮುಗಿಸಿ ಒಂದೆಡೆ ಬಂದು ಸೇರಿದಾಗ ಕೋಣೆಯಲ್ಲಿ ಆಗುವ ಒಂದೇ ಸದ್ದು ಲ.ಸಾ.ಅ.ದ ಅರ್ಥವನ್ನು ಕರಿಹಲಗೆಗಿಂತ ಚೆನ್ನಾಗಿ ಹೇಳುತ್ತದೆ. ಮುಂದೆ ಏಳಕ್ಷರದ ತ್ರಿವುಡೆ ತಾಳವನ್ನು ಏಕತಾಳದೊಂದಿಗೆ ಇಟ್ಟರೆ ಇಪ್ಪತ್ತೆಂಟರವರೆಗೆ ಕಾಯಬೇಕು. ಯಾಕೆ ಅಷ್ಟು ದೂರ ಹೋಯಿತು, ನಾಲ್ಕು ಮತ್ತು ಆರು ಯಾಕೆ ಇಪ್ಪತ್ತನಾಲ್ಕಕ್ಕೆ ಹೋಗದೆ ಹನ್ನೆರಡಕ್ಕೇ ಸೇರಿದವು ಎಂಬ ಪ್ರಶ್ನೆಗಳನ್ನು ಆಗ ಮಕ್ಕಳೇ ಕೇಳುತ್ತಾರೆ. ಸಾಮಾನ್ಯ ಅಪವರ್ತನದ ಪಾಠ ಅಲ್ಲಿಂದ ತೆರೆದುಕೊಳ್ಳುತ್ತದೆ.

ಇದರಲ್ಲಿ ಕಲೆಯ ಪಾಲು ಎಷ್ಟು? ಲಯ ಕೆಟ್ಟರೆ ಲೆಕ್ಕವೂ ಕೆಡುತ್ತದೆ ಎಂಬುದೇ ಉತ್ತರ. ಒಂದು ಗುಂಪು ಉತ್ಸಾಹದಲ್ಲಿ ಓಡಿದರೆ ಕಾಲುಗಳು ಹನ್ನೆರಡಕ್ಕೆ ಸೇರುವುದಿಲ್ಲ. ಪಕ್ಕದವನ ತಾಳಕ್ಕೆ ಜಾರದೆ ತನ್ನದನ್ನು ಹಿಡಿದುಕೊಳ್ಳುವುದು, ಹಾಗೆ ಹಿಡಿದುಕೊಂಡೇ ಇನ್ನೊಂದನ್ನು ಆಲಿಸುವುದು ಹಿಮ್ಮೇಳದ, ಅಂದರೆ ಯಕ್ಷಗಾನದ ಹಾಡು ವಾದ್ಯಗಳ ತಂಡದ, ಮೊದಲ ಅಭ್ಯಾಸ. ಗಣಿತದ ಸತ್ಯವೂ ತಾಳದ ಶಿಸ್ತೂ ಒಂದನ್ನೊಂದು ಪರೀಕ್ಷಿಸುತ್ತವೆ. ಇದಕ್ಕೆ ಬೇಕಾದದ್ದು ಎರಡು ಕೈ, ಒಂದು ಕಾಲು. ಚೆಂಡೆ, ಮದ್ದಳೆ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೂ ಆಳಕ್ಕೆ ಹೋಗಬಯಸುವ ಅಧ್ಯಾಪಕರಿಗೆ ಕನ್ನಡದ ಛಂದಸ್ಸಿನಲ್ಲಿ ದೊಡ್ಡ ನಿಧಿಯೇ ಇದೆ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘವೋ ಒತ್ತಕ್ಷರದ ಹಿಂದಿನದೋ ಅನುಸ್ವಾರವುಳ್ಳದ್ದೋ ಗುರು, ಎರಡು ಮಾತ್ರೆ. ಮೂರು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ‘ಕಡಲು’, ‘ನಾಡು’, ‘ಸದಾ’ ಎಂಬಂತೆ ಮೂರು ಬಗೆ. ನಾಲ್ಕು ಮಾತ್ರೆಯದು? ‘ಮನೆಯಲಿ’, ‘ಅಂಗಳ’, ‘ಕುಮಾರ’, ‘ಕಡಲೇ’, ‘ತಾಯೇ’ ಎಂದು ಐದು. ಐದು ಮಾತ್ರೆಯ ಗಣಗಳನ್ನು ಮಕ್ಕಳೇ ಪದ ಹುಡುಕಿ ತುಂಬಿದರೆ ಎಂಟು ಸಿಗುತ್ತವೆ. ಮೂರು, ಐದು, ಎಂಟು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಕಾರಣ ಅವರಿಗೆ ಎಟುಕುವಷ್ಟೇ ಸರಳ. ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿದಿರುತ್ತದೆ, ಅದು ಐದು ಬಗೆ. ಗುರುವಿನಲ್ಲಿ ಮುಗಿದರೆ ಹಿಂದೆ ಮೂರು ಮಾತ್ರೆ, ಅದು ಮೂರು ಬಗೆ. ಇಟಲಿಯ ಫಿಬೊನಾಚಿಯ ಹೆಸರಿನಲ್ಲಿ ಲೋಕವೆಲ್ಲ ಕರೆಯುವ ಈ ಸಂಖ್ಯೆಗಳು ಅವನ 1202ರ ಗ್ರಂಥಕ್ಕಿಂತ ಮೊದಲೇ ವಿರಹಾಂಕ, ಹೇಮಚಂದ್ರರಂಥ ನಮ್ಮ ಛಂದಶ್ಶಾಸ್ತ್ರಜ್ಞರಿಗೆ ಸಿಕ್ಕಿದ್ದು ಇದೇ ಲಘುಗುರುಗಳ ಎಣಿಕೆಯಿಂದ. ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ಕಿನಲ್ಲಿ ಅದನ್ನು ತಾನೇ ಕಂಡುಕೊಳ್ಳುವುದು ಸಾಧ್ಯವಿರುವಾಗ ಅದನ್ನು ಒಂದು ಪೆಟ್ಟಿಗೆಯೊಳಗಿನ ‘ನಿಮಗಿದು ತಿಳಿದಿರಲಿ’ ಎಂಬ ಮಾಹಿತಿಯಾಗಿ ಕೊಡುವುದು ದುಂದುಗಾರಿಕೆ ಎಂದೇ ನನಗೆ ಅನಿಸುತ್ತದೆ.

ಆದರೆ ಎಣಿಕೆ ಅಲ್ಲಿಗೇ ನಿಂತರೆ ಅದು ಗಣಿತ ಮಾತ್ರ. ಈಗ ಭಾಮಿನಿ ಷಟ್ಪದಿಗೆ ಬರಬೇಕು. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮಾತ್ರೆಯದೊಂದು, ನಾಲ್ಕು ಮಾತ್ರೆಯದೊಂದು ಗಣ ಹೀಗೆ ಎರಡು ಸಲ ಬಂದು 14 ಮಾತ್ರೆಗಳಾಗುತ್ತವೆ. ಮೂರು ಮತ್ತು ಆರನೆಯ ಸಾಲುಗಳು ಅದರ ಒಂದೂವರೆ ಪಟ್ಟು ಬೆಳೆದು, ಕೊನೆಗೊಂದು ಗುರುವನ್ನು ಸೇರಿಸಿಕೊಂಡು 23 ಮಾತ್ರೆಗಳಾಗುತ್ತವೆ. ಇಡೀ ಪದ್ಯ 102 ಮಾತ್ರೆ. ಮಕ್ಕಳು ಆರು ಸಾಲು ತಾವೇ ಕಟ್ಟಲಿ, ಮಳೆಗಾಲದ ಅಡಿಕೆ ತೋಟವನ್ನೋ ಶಾಲೆಯ ಮಧ್ಯಾಹ್ನದ ಗಂಜಿಯನ್ನೋ ಕುರಿತು. ಆಗ ಒಂದು ಸೋಜಿಗ ಎದುರಾಗುತ್ತದೆ: ಲೆಕ್ಕ ಒಪ್ಪಿದ ಎಲ್ಲ ಗಣಗಳನ್ನೂ ಷಟ್ಪದಿ ಒಪ್ಪುವುದಿಲ್ಲ. ಗಣದ ಆರಂಭದಲ್ಲಿ ಲಘುವಿನ ಬೆನ್ನಿಗೇ ಗುರು ಬರುವುದನ್ನು ಅದು ನಿಷೇಧಿಸುತ್ತದೆ; ‘ಸದಾ’, ‘ಕುಮಾರ’ ಹೊರಗೆ ಉಳಿಯುತ್ತವೆ. ಮೂರು ಬಗೆಯಲ್ಲಿ ಎರಡು, ಐದು ಬಗೆಯಲ್ಲಿ ನಾಲ್ಕು ಮಾತ್ರ ಬಳಕೆಗೆ ಉಳಿಯುತ್ತವೆ. ಯಾಕೆ? ಪುಸ್ತಕದ ನಿಯಮವನ್ನು ಹೇಳಿಬಿಡುವ ಬದಲು, ಏಳರ ಎಣಿಕೆಗೆ ಕೈತಟ್ಟುತ್ತ ಎರಡು ಬಗೆಯನ್ನೂ ಓದಿಸಿದರೆ ಎಲ್ಲಿ ನಡಿಗೆ ಎಡವುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ. ಯಕ್ಷಗಾನದಲ್ಲಿ ಭಾಮಿನಿಯನ್ನು ತಾಳವಿಲ್ಲದೆ ರಾಗವಾಗಿ ಎಳೆದು ಹಾಡುವ ರೂಢಿಯಿದೆ. ಕೈತಟ್ಟುವುದು ತರಗತಿಯ ಉಪಾಯವೆಂದೂ, ರಂಗದಲ್ಲಿ ಭಾಗವತರು ತಾಳವಿಲ್ಲದೆ ಹಾಡುತ್ತಾರೆಂದೂ ಎರಡನ್ನೂ ಮಕ್ಕಳಿಗೆ ಹೇಳಬೇಕು.

ವಿಜ್ಞಾನದಲ್ಲಿ ಇದೇ ಬಗೆಯ ದಾರಿ ಶಬ್ದದ ಪಾಠದಲ್ಲಿದೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಮದ್ದಳೆಯನ್ನು ಭಾಗವತರ ಶ್ರುತಿಗೆ ಹೊಂದಿಸುತ್ತಾರೆ, ಚೆಂಡೆಯ ಸದ್ದಿಗೆ ಅಂಥ ನಿಖರವಾದ ಸ್ವರ ಕೇಳಿಸುವುದಿಲ್ಲ. ಎರಡನ್ನೂ ತರಗತಿಯಲ್ಲಿಟ್ಟು ಮುಟ್ಟಿ ನೋಡಿದರೆ ಮದ್ದಳೆಯ ಬಲಬದಿಯ ಚರ್ಮದ ನಡುವೆ ಮೆತ್ತಿರುವ ಕಪ್ಪು ಮಕ್ಕಳ ಕಣ್ಣಿಗೆ ಬೀಳುತ್ತದೆ. ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ನಡುವೆ ಭಾರ ಕೂರಿಸಿದಾಗ ಅವು ಸ್ವರಸಂಬಂಧಕ್ಕೆ ಬರುತ್ತವೆ. ಮೃದಂಗ, ತಬಲಾಗಳಲ್ಲಿ ಇದು ಹೇಗೆ ಆಗುತ್ತದೆಂದು ಸಿ. ವಿ. ರಾಮನ್ 1920ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಇಷ್ಟು ದೂರವೂ ಹೋಗಬೇಕಿಲ್ಲ: ನಾಗಮಂಡಲದ ರಂಗೋಲಿಯಲ್ಲಿ ಕಾಣುವ ಕೆಂಪೆಂದರೆ ಅರಿಸಿನಕ್ಕೆ ಸುಣ್ಣ ಸೇರಿಸಿದಾಗ ಬರುವ ಬಣ್ಣ, ಮತ್ತು ಅರಿಸಿನ ಪ್ರತ್ಯಾಮ್ಲವನ್ನು ತೋರಿಸಿಕೊಡುವ ಸೂಚಕ. ಅಕ್ಕಿಹಿಟ್ಟಿನ ಬಿಳಿ, ಉಮಿಕರಿಯ ಕಪ್ಪು, ಒಣಗಿದ ಸೊಪ್ಪಿನ ಹಸಿರು ಸೇರಿದರೆ ಐದು ಬಣ್ಣ ಕೈಯಲ್ಲಿದ್ದಂತೆ; ಅವುಗಳಿಂದ ಸಮಮಿತಿಯುಳ್ಳ ಒಂದು ವಿನ್ಯಾಸ ಬಿಡಿಸಿದರೆ ಜ್ಯಾಮಿತಿಯೂ ಚಿತ್ರಕಲೆಯೂ ಜೊತೆಗೆ ಬಂದವು. ಸುಣ್ಣ ಕಣ್ಣಿಗೆ ಹಾರದಂತೆ ನೋಡಿಕೊಳ್ಳಬೇಕು. ವೇಷದ ಬಣ್ಣಗಾರಿಕೆಯಲ್ಲಿ ಹಿಂದಿನಿಂದ ಬಳಸುತ್ತಿದ್ದ ಅರದಾಳ ಆರ್ಸೆನಿಕ್ ಇರುವ ಖನಿಜ. ಅದನ್ನು ಮಕ್ಕಳ ಕೈಗೆ ಕೊಡಲೇಬಾರದು.

ಈ ಎಲ್ಲಕ್ಕಿಂತ ನಮ್ಮ ಜಿಲ್ಲೆಗೆ ಹೆಚ್ಚು ಅಗತ್ಯವೆಂದು ನಾನು ನಂಬಿರುವುದು ತಾಳಮದ್ದಳೆ, ಅಂದರೆ ಯಕ್ಷಗಾನದ ಪ್ರಸಂಗವನ್ನು ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಕೂಟ. ಕಾರಣ ಭಾಷೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಬ್ಯಾರಿಯನ್ನೋ ಮರಾಟಿಯನ್ನೋ ಕೊಂಕಣಿಯನ್ನೋ ಆಡುತ್ತದೆ, ಪೇಟೆಯಲ್ಲಿ ಮಲಯಾಳ ಕೇಳುತ್ತದೆ; ಪುಸ್ತಕದ ಕನ್ನಡ ಅದಕ್ಕೆ ಸಿಗುವುದು ತರಗತಿಯಲ್ಲಿ ಮಾತ್ರ. ಅಲ್ಲಿಯೂ ಕೇರಳದ ಪಠ್ಯಕ್ರಮದ ಪುಸ್ತಕಗಳನ್ನು ಕನ್ನಡಕ್ಕೆ ತಂದು ಕೊಟ್ಟಿರುವುದರಿಂದ ಸಮಾಜವಿಜ್ಞಾನದ ಒಂದು ಪುಟವನ್ನು ಓದಿ ತನ್ನ ಮಾತಿನಲ್ಲಿ ಹೇಳುವುದು ಅನೇಕ ಮಕ್ಕಳಿಗೆ ಗುಡ್ಡ ಹತ್ತಿದಂತಾಗುತ್ತದೆ. ಓದಿ ಒಪ್ಪಿಸಬಲ್ಲ ಮಗು ಎದ್ದು ನಿಂತು ಮೂರು ವಾಕ್ಯ ಆಡಲಾರದು. ಅತ್ತ ಇದೇ ಮಣ್ಣಿನ ಕುಂಬಳೆಯಲ್ಲಿ ಪಾರ್ತಿಸುಬ್ಬನು ರಾಮಾಯಣದ ಪ್ರಸಂಗಗಳನ್ನು ಕಟ್ಟಿದನು. ಇದೇ ಸೀಮೆಯಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಬರೆದಿಡದ ಮಾತಿನಿಂದಲೇ ಇರುಳಿಡೀ ಸಭೆಯನ್ನು ಹಿಡಿದಿಟ್ಟರು. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು, ಚೆಂಡೆ, ಮದ್ದಳೆ ಮತ್ತು ಕುಳಿತು ಮಾತಾಡುವ ಅರ್ಥಧಾರಿಗಳು. ಇಷ್ಟು ಕಡಿಮೆ ಖರ್ಚಿನ, ಇಷ್ಟು ಭಾಷೆ ಬೇಡುವ ಕಲೆ ಇನ್ನೊಂದನ್ನು ನಾನು ಅರಿಯೆ.

ಅದರ ಒಳಗಿನ ನಿಯಮಗಳನ್ನು ನೋಡಿದರೆ ಅದು ಹೇಗೆ ಕಲಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಅರ್ಥಧಾರಿ ಬಾಯಿಗೆ ಬಂದದ್ದನ್ನು ಆಡುವಂತಿಲ್ಲ; ಭಾಗವತರು ಹಾಡಿದ ಪದ್ಯದ ಅರ್ಥವನ್ನು ಬಿಡಿಸಿ, ಅದರಿಂದಲೇ ತನ್ನ ಮಾತನ್ನು ಬೆಳೆಸಬೇಕು, ಪದ್ಯಕ್ಕೆ ವಿರುದ್ಧ ಹೋಗಬಾರದು. ಭಾಷಾ ಪಾಠದಲ್ಲಿ ನಾವು ಬಯಸುವ ಎಚ್ಚರದ ಓದು ಇದೇ ಅಲ್ಲವೇ? ಇಂಗ್ಲಿಷ್ ಪದ ನುಸುಳಬಾರದು. ಆದುದರಿಂದ ತಿಳಿದ ಕನ್ನಡವನ್ನೆಲ್ಲ ಮನಸ್ಸು ತಡಕಾಡಿ ಎತ್ತಿ ತರುತ್ತದೆ. ಎದುರಿನವನು ಆಡಿದ್ದನ್ನು ಕೇಳಿಸಿಕೊಳ್ಳದೆ ಉತ್ತರ ಕೊಡಲಾಗದು. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ನ್ಯಾಯವೇ ಎಂದು ರಾಮನನ್ನು ಕೇಳುವ ಸನ್ನಿವೇಶವನ್ನು ತೆಗೆದುಕೊಳ್ಳಿ. ವಾಲಿಯ ಪಕ್ಷ ವಹಿಸಿದ ಮಗು ಈ ವಾರ ಕಟ್ಟಿದ ವಾದವನ್ನು ಮುಂದಿನ ವಾರ ರಾಮನಾಗಿ ಕುಳಿತು ಮುರಿಯಬೇಕು. ಆರೋಪಿಗೂ ಮಾತಾಡುವ ಹಕ್ಕಿದೆ, ತೀರ್ಪಿಗೆ ಕಾರಣ ಬೇಕು, ಶಿಕ್ಷಿಸುವವನ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಗಳು ಆ ಮಾತಿನಲ್ಲೇ ಏಳುತ್ತವೆ. ನ್ಯಾಯಾಂಗದ ಪಾಠ ಕಲಿಸುವ ಅಧ್ಯಾಪಕರು ಅವನ್ನು ಅಲ್ಲಿಂದ ಕೈಗೆತ್ತಿಕೊಂಡು ಸಂವಿಧಾನದತ್ತ ನಡೆಯಬಹುದು.

ಪುರಾಣದ ಕಥೆಯೇ ಆಗಬೇಕೆಂದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ತರಗತಿಗಳಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ. ಬೇಕಲದ ಕೋಟೆಯನ್ನು ಕಟ್ಟಿಸಿದನೆನ್ನುವ ಕೆಳದಿಯ ಶಿವಪ್ಪ ನಾಯಕನಿಗೂ, ಕೋಟೆಗೆ ಕಲ್ಲು ಹೊತ್ತ ಊರವನೊಬ್ಬನಿಗೂ ನಡುವೆ ಮಾತು ನಡೆಯುವಂತೆ ಅಧ್ಯಾಪಕರೂ ಮಕ್ಕಳೂ ಸೇರಿ ನಾಲ್ಕು ಪದ್ಯ ಕಟ್ಟಿಕೊಂಡರೆ ಇತಿಹಾಸದ ಪಾಠಕ್ಕೆ ಅದೇ ಪ್ರಸಂಗ. ಹಾಗೆಯೇ ಕಲೆಯೆಂದರೆ ಯಕ್ಷಗಾನ ಒಂದೇ ಅಲ್ಲ. ಕೋಲು ತಟ್ಟುತ್ತ ಕುಣಿಯುವ ಕೋಲ್ಕಳಿಯ ವೃತ್ತದಲ್ಲಿ ಹನ್ನೆರಡು ಮಂದಿ ಸಮ ಅಂತರದಲ್ಲಿ ನಿಂತರೆ ಇಬ್ಬರ ನಡುವಿನ ಕೋನ ಮೂವತ್ತು ಡಿಗ್ರಿ. ಆ ಕಲೆ ಬಲ್ಲ ಮಗು ಅಂದು ತರಗತಿಯ ಗುರು. ತೆಯ್ಯ, ಭೂತಕೋಲಗಳ ವಿಷಯದಲ್ಲಿ ಮಾತ್ರ ನನ್ನ ನಿಲುವು ಬೇರೆ. ಅವು ನಂಬಿಕೆಯ ಆಚರಣೆಗಳು, ನಿರ್ದಿಷ್ಟ ಸಮುದಾಯಗಳು ತಲೆಮಾರುಗಳಿಂದ ಹೊತ್ತು ಬಂದ ಹೊಣೆ. ಮಕ್ಕಳಿಂದ ಅವುಗಳ ಅನುಕರಣೆ ಮಾಡಿಸುವುದು ಸಲ್ಲದು. ತೆಂಗಿನ ಎಳೆಗರಿಯನ್ನು ಕತ್ತರಿಸಿ ಹೆಣೆಯುವ ಕೌಶಲವನ್ನು ಆ ಕಲಾವಿದರಿಂದಲೇ, ಅವರನ್ನು ಗೌರವದಿಂದ ಕರೆಸಿ ಕಲಿಯುವುದಕ್ಕೆ ಅಡ್ಡಿಯಿಲ್ಲ.

ಚಿತ್ರಕಲೆಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಚಿತ್ರ ಬರೆಯುವುದು ನೋಡುವ ಒಂದು ಕ್ರಮ. ಬಾಯಾರು, ಶೇಣಿ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಬರುವಂತೆ ಮಾಡಿದ ಸುರಂಗಗಳಿವೆ. ಗುಡ್ಡವನ್ನು ಅಡ್ಡ ಸೀಳಿದಂತೆ ಚಿತ್ರ ಬರೆಯಲು ಹೇಳಿದರೆ ಮಗು ಮೇಲಿನ ಮರವನ್ನು, ಮಣ್ಣನ್ನು, ಮುರಕಲ್ಲಿನ ಪದರವನ್ನು, ಸುರಂಗದ ಇಳಿಜಾರನ್ನು ಎಲ್ಲೆಲ್ಲಿ ಇಡಬೇಕೆಂದು ನಿರ್ಧರಿಸಬೇಕಾಗುತ್ತದೆ. ಇಳಿಜಾರನ್ನು ತಪ್ಪಾಗಿ ಬರೆದರೆ ನೀರು ಒಳಕ್ಕೇ ಹೋಗುತ್ತದೆ, ಚಿತ್ರವೇ ತಪ್ಪನ್ನು ತೋರಿಸಿಕೊಡುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಅಧ್ಯಾಪಕರ ನ್ಯಾಯವಾದ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ, 1000 ಬೋಧನಾ ಗಂಟೆ ನಿಗದಿಮಾಡಿದೆ. ಅದೇ ಅನುಸೂಚಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದೂ ಹೇಳುತ್ತದೆ; ಆದರೆ ಮಕ್ಕಳ ಸಂಖ್ಯೆ ನೂರನ್ನು ಮೀರಿದ ಶಾಲೆಗೆ ಮಾತ್ರ. ಹಳ್ಳಿಯ ಸಣ್ಣ ಕನ್ನಡ ಶಾಲೆಯ ಮಕ್ಕಳು ಈ ಲೆಕ್ಕದಲ್ಲಿ ಹೊರಗುಳಿಯುತ್ತಾರೆ, ಕಲೆಯ ಆಸರೆ ಹೆಚ್ಚು ಬೇಕಾದವರು ಅವರೇ ಆಗಿದ್ದರೂ. ಅಂಥ ಶಾಲೆಗಳಲ್ಲಿ ಕಲೆ ಬರಬೇಕಾದದ್ದು ವಿಷಯದ ಅಧ್ಯಾಪಕರ ಮೂಲಕವೇ. ಪ್ರತಿ ಪಾಠಕ್ಕೂ ಕಲೆ ಜೋಡಿಸಲು ಹೊರಟರೆ ಎಲ್ಲವೂ ಮತ್ತೆ ಅಲಂಕಾರಕ್ಕೇ ಇಳಿಯುತ್ತದೆ. ಒಂದು ಅವಧಿಪರೀಕ್ಷೆಯಿಂದ ಇನ್ನೊಂದರವರೆಗೆ ಒಂದೇ ಒಂದು ಘಟಕವನ್ನು, ಇಬ್ಬರು ಅಧ್ಯಾಪಕರು ಕೂಡಿ ಯೋಜಿಸಿ, ಹೇಗೂ ಕಲಿಸಲೇಬೇಕಾದ ಕಠಿಣ ಪಾಠವನ್ನೇ ಆರಿಸಿಕೊಂಡು ಮಾಡಿದರೆ ಸಾಕು. ಹೊರಗಿನ ಭಾಗವತರನ್ನೋ ಮದ್ದಳೆಗಾರರನ್ನೋ ಕರೆಸಿದರೆ, ಬಂದು ಹಾಡಿ ಹೋಗಿ ಎನ್ನದೆ, ಪಾಠದ ಉದ್ದೇಶವನ್ನು ಮೊದಲೇ ಅವರೊಂದಿಗೆ ಕುಳಿತು ಮಾತಾಡಬೇಕು. ಅವರ ದಿನದ ದುಡಿಮೆಗೆ ಸಂಭಾವನೆ ಕೊಡಬೇಕು. ಶಾಲು ಹೊದೆಸಿ ಕಳುಹಿಸುವುದರಿಂದ ಅವರ ಮನೆ ನಡೆಯುವುದಿಲ್ಲ.

ಉಳಿದದ್ದು ಮೌಲ್ಯಮಾಪನ, ಮತ್ತು ಹೆಚ್ಚಿನ ಪ್ರಯತ್ನಗಳು ಸಡಿಲವಾಗುವುದು ಇಲ್ಲಿಯೇ. ಚಂದವಾಗಿತ್ತು ಎಂದು ಚಪ್ಪಾಳೆ ತಟ್ಟಿ ಬಿಟ್ಟರೆ ಮಗು ಏನು ಕಲಿತಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಕೇರಳದ ಶಾಲೆಗಳಲ್ಲಿ ನಿರಂತರ ಮೌಲ್ಯಮಾಪನಕ್ಕೆ ಈಗಾಗಲೇ ಸ್ಥಾನವಿರುವುದರಿಂದ ಹೊಸ ವ್ಯವಸ್ಥೆಯೇನೂ ಬೇಕಾಗುವುದಿಲ್ಲ. ಒಂದೇ ಹಾಳೆಯಲ್ಲಿ ಎರಡು ಅಂಕಣ ಬರೆದುಕೊಂಡರೆ ಆಯಿತು. ತಾಳದ ಚಟುವಟಿಕೆಯಲ್ಲಿ ಒಂದು ಅಂಕಣ ಗಣಿತಕ್ಕೆ: ಕಾಲುಗಳು ಸೇರುವ ಅಕ್ಷರವನ್ನು ಮೊದಲೇ ಹೇಳಿದನೇ, ಕಾರಣ ಕೊಟ್ಟನೇ, ಕಂಡಿರದ ಎರಡು ಸಂಖ್ಯೆಗಳಿಗೆ ಅದನ್ನು ಅನ್ವಯಿಸಿದನೇ. ಇನ್ನೊಂದು ಸಂಗೀತಕ್ಕೆ: ವೇಗವನ್ನು ಹಿಡಿದು ನಿಂತನೇ, ತಪ್ಪಿದಾಗ ಕಿವಿಗೊಟ್ಟು ಮರಳಿ ಸೇರಿಕೊಂಡನೇ. ತಾಳಮದ್ದಳೆಯಲ್ಲಿ ಒಂದು ಅಂಕಣ ಪದ್ಯದ ಅರ್ಥಕ್ಕೂ ವಾದದ ಕಾರಣಗಳಿಗೂ, ಇನ್ನೊಂದು ಮಾತಿನ ಏರಿಳಿತಕ್ಕೂ ಎದುರಿನವನ ಮಾತನ್ನು ಎತ್ತಿಕೊಂಡ ಬಗೆಗೂ. ಧ್ವನಿ ಚೆನ್ನಾಗಿರುವ ಮಗುವಿಗೆ ಧ್ವನಿಗಾಗಿ ಅಂಕ ಕೊಡಬಾರದು, ಅದು ಶಾಲೆ ಕಲಿಸಿದ್ದಲ್ಲ. ಜೂನ್ ತಿಂಗಳಲ್ಲಿ ಎದ್ದು ನಿಂತು ಒಂದೇ ವಾಕ್ಯ ಆಡಿ ಕುಳಿತ ಹುಡುಗ ಡಿಸೆಂಬರಿನಲ್ಲಿ ವಾಲಿಯ ಪರವಾಗಿ ಮೂರು ಕಾರಣ ಕೊಟ್ಟನೆಂದರೆ, ಅವನು ಬ್ಯಾರಿಯ ಒಂದು ಪದವನ್ನು ನಡುವೆ ಆಡಿ ತಾನೇ ತಡೆದು ಕನ್ನಡದ ಪದ ಹುಡುಕಿದನೆಂದರೆ, ಆ ತಡೆದ ಗಳಿಗೆಯನ್ನೂ ಸೇರಿಸಿ ಆ ಹಾಳೆಯಲ್ಲಿ ಬರೆದಿಡಬೇಕು.